ಪಗಾರವಿಲ್ಲದ ಮೂರು ತಿಂಗಳು

ಕಳೆದ ತಿಂಗಳು ಒಂದು ರಾತ್ರಿ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಸರನ್ನು ಬರೆಯಲಾರೆ, ಅವನ ಸಹಪಾಠಿಗಳಾದ ನಿಮ್ಮಲ್ಲಿ ಕೆಲವರಿಗೆ ಊಹಿಸುವುದು ಕಷ್ಟವಾಗದು. ಈಗ ಅವನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. "ಸರ್, ನಮ್ಮ ಕೈಕೆಳಗ ಒಬ್ಬ ಹುಡುಗ ಅದಾನ್ರಿ, ಛಲೋ ಓಡ್ತಾನ. ಪಗಾರ ಕೊಡದಿದ್ರೂ ಅಡ್ಡಿಯಿಲ್ಲ, ತಯಾರಿಗೆ ಮೂರು ತಿಂಗಳು ರಜಾ ಕೊಡ್ರಿ ಅಂತಾನ. ಅವಗ ಏನ್ ಹೇಳ್ಲಿ?" ಎಂದು ಕೇಳಿದ. ಈ ಪ್ರಶ್ನೆಯನ್ನು ನನ್ನಲ್ಲಿಯೇ ಏಕೆ ಕೇಳಿದನೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

1994ರಲ್ಲಿ ಅವನೂ ಅದೇ ರೀತಿ ರಜೆ ಪಡೆದಿದ್ದ. ತಂದೆ ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲ. ಮಗ 1500 ಮೀಟರ್ ಓಟಗಾರ. ನಸುಕಿನ ಬಸ್ಸು ಹಿಡಿದು ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋಗುತ್ತಿದ್ದ. ಮೊದಲ ತಿಂಗಳು ಉಳಿತಾಯದಲ್ಲಿ ಕಳೆಯಿತು. ಎರಡನೆಯ ತಿಂಗಳು ನಾವು ಐದಾರು ಶಿಕ್ಷಕರು ಸೇರಿ ಆರುನೂರು ರೂಪಾಯಿ ಕೂಡಿಸಿಕೊಟ್ಟೆವು. ಮೂರನೆಯ ತಿಂಗಳಲ್ಲಿ ತಂದೆ ಬೆನ್ನುನೋವಿನಿಂದ ಹಾಸಿಗೆ ಹಿಡಿದರು. ಹುಡುಗ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ. ಹಣ ಕೇಳಲಿಲ್ಲ. "ಮೊದಲು ಮನಿ, ಆಮ್ಯಾಲ ಮೈದಾನ" ಎಂದೆ. ಮರುದಿನವೇ ಅವನು ಕೆಲಸಕ್ಕೆ ಹಾಜರಾದ, ಮತ್ತೆ ಓಡಲಿಲ್ಲ.

ಆ ದಿನ ಸ್ಕೂಟರಿಗೆಂದು ಕೂಡಿಟ್ಟ ಹಣ ನನ್ನ ಬ್ಯಾಂಕ್ ಖಾತೆಯಲ್ಲಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಆ ಸ್ಕೂಟರನ್ನು ನೀವೆಲ್ಲ ನೋಡಿದ್ದೀರಿ.

ನಮ್ಮ ಹುಬ್ಬಳ್ಳಿಯಂಥ ರೈಲ್ವೆ ಊರಿನಲ್ಲಿ ಇದು ವಿಚಿತ್ರವೆನಿಸುತ್ತದೆ. ರೈಲ್ವೆ ಕ್ರೀಡಾ ಮಂಡಳಿ 1928ರಷ್ಟು ಹಳೆಯದು. ವಿಜಯಪುರದ ರಾಜೇಶ್ವರಿ ಗಾಯಕವಾಡರಂಥ ಆಟಗಾರ್ತಿಯರು ರೈಲ್ವೆ ತಂಡದಲ್ಲಿ ಆಡಿದವರೇ. ಕೇಂದ್ರ ಸರ್ಕಾರಿ ನೌಕರರಿಗೆ ಕ್ರೀಡೆಗಾಗಿ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆಯ ಅವಕಾಶವುಂಟು. ಖಾಸಗಿ ಕಾರ್ಖಾನೆಯ ಹುಡುಗನಿಗೆ ಉಳಿಯುವುದು ವೇತನರಹಿತ ರಜೆ ಮಾತ್ರ. ಹೋಗುವುದು ಪಗಾರವೊಂದೇ ಅಲ್ಲ. ಆ ತಿಂಗಳುಗಳ ಭವಿಷ್ಯನಿಧಿಯ ವಂತಿಗೆಯೂ ನಿಲ್ಲುತ್ತದೆ. ಇ.ಎಸ್.ಐ.ಯಲ್ಲಿ ಕಾಯಿಲೆಯ ಭತ್ಯೆ ದೊರೆಯಬೇಕಾದರೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಓಡುವವನ ಕಾಲಿಗೆ ಪೆಟ್ಟಾದರೆ ಗತಿಯೇನು?

2014ರಲ್ಲಿ ಕೇಂದ್ರ ಸರ್ಕಾರ ಟಾಪ್ಸ್ ಯೋಜನೆಯನ್ನು ಆರಂಭಿಸಿತು. ಅದರ ಮುಖ್ಯ ಪಟ್ಟಿಯ ಕ್ರೀಡಾಪಟುಗಳಿಗೆ ತಿಂಗಳಿಗೆ 50,000 ರೂಪಾಯಿಯ ಕೈಖರ್ಚು ಗೊತ್ತಾಯಿತು. ಬಹಳ ಒಳ್ಳೆಯದು. ಆದರೆ ಅದು ಒಲಿಂಪಿಕ್ಸ್ ಪದಕದ ಭರವಸೆ ಮೂಡಿಸಿದವರಿಗೆ. ಜಿಲ್ಲೆಯಿಂದ ರಾಜ್ಯಮಟ್ಟಕ್ಕೆ ಕಾಲಿಡುವವನು ಆ ಪಟ್ಟಿಯ ಹತ್ತಿರಕ್ಕೂ ಸುಳಿಯಲಾರ.

ಈ ಜಗಳ ಹಳೆಯದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಣಿ, ಗಿರಣಿಗಳ ಕೂಲಿಕಾರರು ರಗ್ಬಿ ಆಡುತ್ತಿದ್ದರು. ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆಂದು ದೊಡ್ಡವರು ಒಪ್ಪಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ದಿನಗೂಲಿಯ ಹಂಗಿರಲಿಲ್ಲವೆನ್ನಿ. 1895ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಹೊರನಡೆದು ಬೇರೆ ಸಂಘವನ್ನೇ ಕಟ್ಟಿದವು. ದಿನಕ್ಕೆ ಆರು ಶಿಲಿಂಗ್ ಮೀರದಂತೆ ಕೂಲಿ ತುಂಬಿಕೊಡುವುದೆಂದು ಗೊತ್ತುಮಾಡಿದವು. ಬಹುಮಾನವಲ್ಲ, ಸಂಬಳವೂ ಅಲ್ಲ. ಕಳೆದುಹೋದ ದಿನದ ಬೆಲೆ.

1994ರಲ್ಲಿ ಇದು ನನಗೆ ಹೊಳೆದಿರಲಿಲ್ಲ. ಆರುನೂರು ರೂಪಾಯಿಯನ್ನು ದಾನವೆಂದು ಕೊಟ್ಟೆವು, ಅವನೂ ದಾನವೆಂದೇ ತಲೆತಗ್ಗಿಸಿ ತೆಗೆದುಕೊಂಡ. ಮೂರನೆಯ ತಿಂಗಳು ಬಾಯಿಬಿಟ್ಟು ಕೇಳದೆ ಹೋದದ್ದು ಅದಕ್ಕೇ ಇರಬೇಕು.

"ರಜಾ ಕೊಡು" ಎಂದು ಈ ಸಲ ಹೇಳಿದೆ. ಇ.ಎಸ್.ಐ. ದಿನಗಳನ್ನು ಲೆಕ್ಕ ಹಾಕಿ ರಜೆಯ ಆರಂಭವನ್ನು ಗೊತ್ತುಮಾಡೆಂದೂ ತಿಳಿಸಿದೆ. ಆಮೇಲೆ, ಇಷ್ಟು ವರ್ಷ ಹೇಳದೆ ಉಳಿದಿದ್ದ ಸ್ಕೂಟರಿನ ಮಾತನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ರಿ ಸರ್. ಮುಂದಿನ ತಿಂಗಳ ತಗೊಂಡ್ರಲ್ಲ" ಎಂದ.

ಹುಡುಗ ಸೋಮವಾರದಿಂದ ಮೈದಾನಕ್ಕೆ ಹೋಗುತ್ತಿದ್ದಾನೆ. ಮೊದಲ ತಿಂಗಳ ಪಗಾರದಷ್ಟು ಹಣವನ್ನು ನನ್ನ ಪಿಂಚಣಿಯಿಂದ ಕಳುಹಿಸಿದ್ದೇನೆ. ಎರಡನೆಯದನ್ನು ಇವನು ಕೊಡುತ್ತಾನಂತೆ. ಮೂರನೆಯ ತಿಂಗಳಿನದು ಇನ್ನೂ ಬಾಕಿ ಇದೆ.