ಕೈಗೆ ತಕ್ಕ ಕಂಬ

ಪೋಲ್ ಡಾನ್ಸ್ ಕಲಿಯೋಕೆ ಹೊರಟವರಿಗೆ ನೋವಿನ ಬಗ್ಗೆ ಎಲ್ಲರೂ ಹೇಳ್ತಾರೆ. ತೊಡೆ ಕಪ್ಪಗಾಗುತ್ತೆ, ಮೊದಲ ತಿಂಗಳು ಮೆಟ್ಟಿಲು ಹತ್ತೋದೂ ಕಷ್ಟ, ಅಂಗೈ ಉರಿಯುತ್ತೆ ಅಂತೆಲ್ಲ. ಆದರೆ ಪೋಲಿನ ದಪ್ಪ ಎಷ್ಟಿರಬೇಕು ಅಂತ ಹೇಳೋರು ಕಡಿಮೆ. ಆರು ತಿಂಗಳು ಕ್ಲಾಸಿಗೆ ಹೋದಮೇಲೆ ಮನೆಗೊಂದು ಪೋಲ್ ತಗೊಳ್ಳೋಣ ಅಂತ ನಾನು ಕೂತಾಗಲೇ ಇದು ಇಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು.

ಸಾಮಾನ್ಯವಾಗಿ ಸಿಗೋದು 38, 40, 45, 50 ಮಿಲಿಮೀಟರಿನವು. ಇದು ವ್ಯಾಸ. ಅತಿ ಸಣ್ಣದಕ್ಕೂ ಅತಿ ದಪ್ಪದ್ದಕ್ಕೂ ನಡುವೆ ಇರೋದು ಬರೀ 12 ಮಿಲಿಮೀಟರ್, ಅದರಲ್ಲೇನಿದೆ ಅನಿಸಬಹುದು. ಆದರೆ ನಮ್ಮ ಕೈ ಹಿಡಿಯೋದು ಸುತ್ತಳತೆಯನ್ನ. 40ರ ಪೋಲಿನ ಸುತ್ತಳತೆ ಸುಮಾರು 12.6 ಸೆಂಟಿಮೀಟರ್, 45ರದ್ದು 14.1, 50ರದ್ದು 15.7. ಚಿಕ್ಕ ಕೈಯವರು 50ನ್ನು ಸುತ್ತಿ ಹಿಡಿದರೆ ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ಜಾಗ ಉಳಿದುಬಿಡುತ್ತೆ. ಮುಷ್ಟಿ ಮುಚ್ಚದಿದ್ದರೆ ಪೂರ್ತಿ ಭಾರ ಬೆರಳ ತುದಿಗೆ ಬೀಳುತ್ತೆ, ಮುಂಗೈ ಬೇಗ ಸೋಲುತ್ತೆ.

ಹಾಗಿದ್ರೆ ಸಣ್ಣದೇ ವಾಸಿ ಅಂದುಕೊಳ್ಳಬೇಡಿ. ಪೋಲ್ ಮೇಲೆ ಅರ್ಧ ಕೆಲಸ ಕಾಲಿನದು. ತೊಡೆ ನಡುವೆ, ಮಂಡಿ ಹಿಂದೆ ಪೋಲನ್ನು ಹಿಡಿದು ಕೈ ಬಿಡುವಾಗ ದಪ್ಪ ಇದ್ದಷ್ಟೂ ಚರ್ಮಕ್ಕೆ ತಾಗುವ ಜಾಗ ಜಾಸ್ತಿ. ಸಣ್ಣ ಪೋಲ್ ಒಂದೇ ಕಡೆ ಒತ್ತಿ ಹಿಂಸೆ ಕೊಡುತ್ತೆ. ಕೈಗೆ ಸುಖ ಕೊಡೋದು ಕಾಲಿಗೆ ಕಷ್ಟ, ಕಾಲಿಗೆ ಸುಖ ಕೊಡೋದು ಕೈಗೆ ಕಷ್ಟ. ಇವೆರಡರ ರಾಜಿ 45. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ 45ರ ಪೋಲೇ ಇರುತ್ತೆ, ಎಷ್ಟೋ ಸ್ಟುಡಿಯೋಗಳಲ್ಲೂ ಅದೇ. ಹೊಸಬರಿಗೆ ನನ್ನ ಸಲಹೆಯೂ ಅದೇ. ಕೈ ತೀರಾ ಚಿಕ್ಕದಿದ್ದರೆ ಮಾತ್ರ 40 ನೋಡಿ. ಮನೆಯದೂ ಕ್ಲಾಸಿನದೂ ಒಂದೇ ದಪ್ಪ ಇದ್ದರೆ ಕೈಗೆ ಗೊಂದಲ ಇರಲ್ಲ.

ನನಗೆ ಈ ಲೆಕ್ಕ ಬೇಗ ತಲೆಗೆ ಹೋಗಿದ್ದಕ್ಕೆ ನಮ್ಮೂರೂ ಒಂದು ಕಾರಣ. ನಮ್ಮದು ಬಸವನ ಬಾಗೇವಾಡಿ ಕಡೆಯ ಮಸೂತಿ. ಬೆಂಗಳೂರಿನವರಿಗೆ ಕೂಡಗಿ ಕರೆಂಟ್ ಸ್ಥಾವರದ ಹತ್ರ ಅಂತ ಹೇಳಿದ್ರೆ ಸ್ವಲ್ಪ ಅಂದಾಜಾಗುತ್ತೆ. ಆ ಕಡೆ ಕೊಡ್ಲಿಗೆ ಕಾವು ಹಾಕಿಸೋಕೆ ಬಡಿಗೇರ ಹತ್ರ ಹೋದ್ರೆ ‘ಯಾರ ಕೈಗೆ?’ ಅಂತ ಮೊದಲು ಕೇಳ್ತಾರೆ. ಕಾಕಾನ ಕೊಡ್ಲಿ ಕಾವು ಅವ್ವನ ಕೈಗೆ ಆಗಲ್ಲ. ಅವ್ವನ ಕುರ್ಪಿ ಹಿಡಿ ಕಾಕಾನ ಮುಷ್ಟಿಯಲ್ಲಿ ಕಳೆದೇ ಹೋಗುತ್ತೆ. ಇದಕ್ಕೆ ಯಾರೂ ಚಾರ್ಟ್ ಮಾಡಿಲ್ಲ. ಹಿಡಿದು ನೋಡೋದು, ಕೆತ್ತೋದು, ಮತ್ತೆ ಹಿಡಿದು ನೋಡೋದು ಅಷ್ಟೇ.

ಉತ್ತರ ಕರ್ನಾಟಕದವರಿಗೆ ಕಂಬ ಏರೋದೂ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಕುಸ್ತಿಯವರ ಸಾಧನೆಗಳ ಜತೆ ಕಂಬದ ಸಾಧನೆಯೂ ಬರುತ್ತೆ. ಈಗಿನ ಮಲ್ಲಕಂಬ ನೆಲದ ಮೇಲೆ ಸುಮಾರು ಎಂಟೂವರೆ ಅಡಿ ಎತ್ತರದ ಮರದ ಕಂಬ. ಬುಡದ ಸುತ್ತಳತೆ ಸುಮಾರು 55 ಸೆಂಟಿಮೀಟರ್, ಮೇಲೆ ಹೋದಂತೆ ಸಣ್ಣಗಾಗುತ್ತೆ. ಅಷ್ಟು ದಪ್ಪದ್ದನ್ನ ಯಾವ ಅಂಗೈಯೂ ಸುತ್ತಲಾರದು. ಅದಕ್ಕೇ ಮಲ್ಲಕಂಬದ ಹುಡುಗರು ಕಂಬವನ್ನ ತಬ್ಬುತ್ತಾರೆ. ತೋಳು, ತೊಡೆ, ಪಾದ ಎಲ್ಲ ಸೇರಿ ಹಿಡಿಯುತ್ತವೆ. ಅವರು ಮರಕ್ಕೆ ಹರಳೆಣ್ಣೆ ಸವರಿ ಚರ್ಮ ತರಚೋದನ್ನ ತಪ್ಪಿಸಿಕೊಳ್ತಾರೆ. ನಮಗೋ ಎಣ್ಣೆಯೇ ಶತ್ರು. ಕ್ಲಾಸಿಗೆ ಹೋಗೋ ದಿನ ಮೈಗೆ ಲೋಶನ್ ಕೂಡ ಹಚ್ಚೋ ಹಾಗಿಲ್ಲ. ಹಗ್ಗದ ಮಲ್ಲಕಂಬ ಇನ್ನೊಂದು ತುದಿ. ಹೆಬ್ಬೆರಳಿನಷ್ಟು ದಪ್ಪದ ಹಗ್ಗವನ್ನು ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಹುಡುಗಿಯರು ಸರಸರ ಏರಿಬಿಡ್ತಾರೆ. ದಪ್ಪ ಬದಲಾದಂತೆ ಮೈ ಹಿಡಿಯೋ ರೀತಿಯೇ ಬದಲಾಗುತ್ತೆ.

ಬದಲಾಗದೆ ಇರೋದು ಒಂದೇ. ಬಟ್ಟೆ ಜಾರುತ್ತೆ, ಚರ್ಮ ಹಿಡಿಯುತ್ತೆ. ಗರಡಿಮನೆ ಹುಡುಗ ಲಂಗೋಟಿಯಲ್ಲಿ ಕಂಬ ಏರಿದ್ರೆ ಊರೇ ಚಪ್ಪಾಳೆ ಹೊಡೆಯುತ್ತೆ. ನಾನು ಚಡ್ಡಿ ಹಾಕ್ಕೊಂಡು ಏರಿದ್ರೆ ಅದಕ್ಕೆ ಬೇರೆ ಹೆಸರು. ಕಾರಣ ಮಾತ್ರ ಇಬ್ಬರದೂ ಒಂದೇ, ಬೀಳಬಾರದು ಅಂತ.

ಅದಕ್ಕೇ ಪೋಲ್ ಹುಡುಕುವಾಗ ನನ್ನ ಕಣ್ಣು ದಪ್ಪಕ್ಕಿಂತ ಮೊದಲು ‘ಹತ್ತು ನಿಮಿಷದಲ್ಲಿ ಬಿಚ್ಚಿಡಬಹುದು’ ಅನ್ನೋ ಸಾಲಿನ ಮೇಲೆ ನಿಂತಿತ್ತು. ಊರಿಂದ ಯಾರಾದ್ರೂ ಬಂದ್ರೆ ಬಿಚ್ಚಿ ಮಂಚದ ಕೆಳಗೆ ತಳ್ಳಬಹುದಲ್ಲ! ಎರಡು ವಾರ ಅದನ್ನೇ ಯೋಚಿಸಿದೆ. ಹೀಗೆ ಬಚ್ಚಿಡೋ ವಸ್ತುವಿಗೆ ನನ್ನ ಪೂರ್ತಿ ಭಾರ ಹೇಗೆ ಒಪ್ಪಿಸಲಿ ಅನಿಸಿತು. ಆರ್ಡರ್ ಮಾಡೋ ಮೊದಲು ಅವ್ವಗೆ ಫೋನ್ ಮಾಡಿದೆ.

‘ಅವ್ವಾ, ಮನ್ಯಾಗ ಒಂದು ಕಂಬ ನಿಲ್ಲಸ್ತೀನಿ.’

‘ಯಾಕ, ಮಾಳಗಿ ಬೀಳಾಕತ್ತದೇನ?’

‘ಇಲ್ಲವ್ವಾ, ಮಲ್ಲಕಂಬ ಇರ್ತದಲ್ಲ, ಹಂಗ. ಕಬ್ಬಿಣದ್ದು. ಹಾಡು ಹಚ್ಚಿ ಅದರ ಮ್ಯಾಲೆ ಕುಣಿಯೂದು.’

‘ಮೈಮ್ಯಾಲೆ ಏನ ಹಾಕ್ಕೋತಿ?’

ಅವ್ವ ನೇರ ಅಲ್ಲಿಗೇ ಬಂದಿದ್ದಳು. ‘ಚಡ್ಡಿ’ ಅಂದೆ. ಯಾಕೆ ಅಂತಲೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಟೀವಿ ಸದ್ದು. ಆಮೇಲೆ, ‘ಅಪ್ಪಗ ನೀ ಹೇಳಬ್ಯಾಡ. ನಾ ಹೇಳ್ತೀನಿ, ತಡಿ’ ಅಂದಳು. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಬೇಡ ಅಂತೂ ಅನ್ನಲಿಲ್ಲ.

ನೀವೂ ತಗೊಳ್ಳೋರಿದ್ರೆ ಇನ್ನೆರಡು ಮಾತು. ಬಾಡಿಗೆ ಮನೆಯಲ್ಲಿ ಒತ್ತಡದಿಂದ ನಿಲ್ಲೋ ಪೋಲ್ ಹಾಕ್ತೀರಾದ್ರೆ ಮೇಲೆ ಗಟ್ಟಿ ಕಾಂಕ್ರೀಟ್ ಇರಬೇಕು. ಫಾಲ್ಸ್ ಸೀಲಿಂಗ್‌ಗೆ ಆನಿಸಲೇಬೇಡಿ. ಪ್ರತಿ ಸಲ ಏರೋ ಮೊದಲು ಅಲುಗಾಡಿಸಿ ನೋಡಿ, ಕೆಳಗೆ ದಪ್ಪ ಮ್ಯಾಟ್ ಇರಲಿ. ಕೈ ಬೆವರೋರಿಗೆ ಹಿತ್ತಾಳೆ ಒಳ್ಳೆ ಹಿಡಿತ ಕೊಡುತ್ತೆ, ಲೋಹದ ಅಲರ್ಜಿ ಇರೋರು ಸ್ಟೇನ್‌ಲೆಸ್ ಸ್ಟೀಲ್ ನೋಡಿ. ದುಡ್ಡು ಕೊಡೋ ಮೊದಲು ಯಾವುದಾದ್ರೂ ಸ್ಟುಡಿಯೋಗೆ ಹೋಗಿ ಹಿಡಿದು ನೋಡಿ. ಮುಷ್ಟಿ ಮುಚ್ಚುತ್ತಾ? ಕಾಲು ನೆಲ ಬಿಟ್ಟು ಹತ್ತು ಎಣಿಸೋ ತನಕ ನೇತಾಡೋಕೆ ಆಗುತ್ತಾ?

ನನ್ನ ಬೆರಳುಗಳು 45ರ ಸುತ್ತ ಹೋಗಿ ತುದಿಯಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ನಿಲ್ತವೆ. ಅಷ್ಟು ಸಾಕು. 45, ಕ್ರೋಮ್, ಈಗ ಹಾಲಿನ ನಡುವೆ ನಿಂತಿದೆ. ದೀಪಾವಳಿ ಮುಗಿಸಿಕೊಂಡು ಅವ್ವ ಬರ್ತಾಳೆ, ಅಪ್ಪನೂ ಬರಬಹುದು. ಬಿಚ್ಚಿಡೋ ಸ್ಪ್ಯಾನರ್ ಡಬ್ಬದಲ್ಲೇ ಇದೆ, ಅಲ್ಲೇ ಇರಲಿ.