ನಾಲ್ಕು ಊರುಗಳ ಲೆಕ್ಕ

ಮುಪ್ಪಿನಲ್ಲಿ ಹೊಸ ಶಬ್ದಗಳು ಮನೆಯೊಳಕ್ಕೆ ಬರುವದು ಮೊಮ್ಮಕ್ಕಳ ಕೈಹಿಡಿದೇ. 2025 ರಲ್ಲಿ ನಮ್ಮ ಬಾಗಲಕೋಟೆಯ ಮನೆಗೆ ಹಾಗೆ ಬಂದ ಶಬ್ದವು ‘ಹ್ಯಾಕಥಾನ್’. ನಾಲ್ಕಾರು ವಿದ್ಯಾರ್ಥಿಗಳು ಕೂಡಿ, ನಿದ್ದೆಗೆಟ್ಟು, ಒಂದು ಸಮಸ್ಯೆಗೆ ಗಣಕಯಂತ್ರದಿಂದ ಉತ್ತರವನ್ನು ಕಟ್ಟಿ ಪರೀಕ್ಷಕರ ಮುಂದಿಡುವ ಪಂದ್ಯಕ್ಕೆ ಈ ಹೆಸರು. ಮೊಮ್ಮಗಳು ಸೇರಿದ ಪಂದ್ಯದಲ್ಲಿ ಆ ಉತ್ತರವು ಕ್ವಾಂಟಮ್ ಗಣನೆಯಿಂದಲೇ ಬರತಕ್ಕದ್ದೆಂಬ ಕಟ್ಟಳೆಯಿತ್ತು. ಆ ವರ್ಷವನ್ನು ವಿಶ್ವಸಂಸ್ಥೆಯು ಕ್ವಾಂಟಮ್ ವಿಜ್ಞಾನದ ವರ್ಷವೆಂದು ಸಾರಿತ್ತು. 2023 ರಲ್ಲಿಯೇ ಕೇಂದ್ರ ಸರಕಾರವು ಈ ವಿದ್ಯೆಗಾಗಿ 6003.65 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯನ್ನಿತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೆದ್ದ ಆ ಗಾಳಿಯು ತುಂಗಭದ್ರೆ ಮಲಪ್ರಭೆಗಳನ್ನು ದಾಟಿ ನಮ್ಮ ಸೀಮೆಗೂ ಬೀಸಿದ್ದರಲ್ಲಿ ಸೋಜಿಗವೇನಿಲ್ಲ.

ಇವಳ ತಂಡದಲ್ಲಿ ಬಾದಾಮಿ, ಹುನಗುಂದ, ಇಳಕಲ್ಲುಗಳ ಮೂವರು. ನಾಲ್ಕೂ ಊರುಗಳಿಗೆ ಸಲ್ಲುವ ಸಮಸ್ಯೆಯನ್ನೇ ಅವರು ಆರಿಸಿದರು: ಬಾಗಲಕೋಟೆಯಿಂದ ಹೊರಟ ಗಾಡಿಯೊಂದು ಉಳಿದ ಮೂರು ಊರುಗಳಲ್ಲಿ ನೇಕಾರರ ಸೀರೆಗಳನ್ನು ತುಂಬಿಕೊಂಡು ಮರಳಬೇಕಾದರೆ, ಯಾವ ಸರದಿಯಲ್ಲಿ ಹೋದರೆ ದಾರಿ ಕಡಿಮೆ?

ನಾನು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು. ಊಟದ ಹೊತ್ತಿಗೆ ಲಗ್ನಪತ್ರಿಕೆಯ ಲಕೋಟೆಯೊಂದರ ಬೆನ್ನ ಮೇಲೆ ಬರೆದೆ. ಸರದಿಗಳು ಒಟ್ಟು 6. ಹೋದ ದಾರಿಯನ್ನೇ ತಿರುವಿ ನಡೆದರೆ ದೂರ ಅಷ್ಟೇ ಆದಕಾರಣ ನೋಡತಕ್ಕವು 3. ಹುನಗುಂದ ಇಳಕಲ್ಲುಗಳು ನೆರೆಮನೆಗಳಿದ್ದಂತೆ. ಅವುಗಳ ನಡುವೆ ಬಾದಾಮಿಯನ್ನು ಸೇರಿಸುವ ಸರದಿಯನ್ನು ಬಸ್ಸಿನ ಕಂಡಕ್ಟರನೂ ಒಪ್ಪಲಾರ. ಉಳಿದದ್ದು ಎರಡು ಕೂಡಿಸುವ ಲೆಕ್ಕ.

“ಇಷ್ಟಕ್ಕ ಯಂತ್ರ ಯಾಕವ್ವಾ?” ಎಂದೆ. ಅವಳು ನಗಲಿಲ್ಲ, ಲಕೋಟೆಯನ್ನು ಮಡಚಿ ಇಟ್ಟುಕೊಂಡಳು.

ಅವರು ಮಾಡಿದ್ದನ್ನು ನಾನು ತಿಳಿದಷ್ಟು ಹೇಳುವೆನು. ಸಾಮಾನ್ಯ ಗಣಕದ ಬಿಟ್ಟು ಸೊನ್ನೆಯಾಗಿಯೋ ಒಂದಾಗಿಯೋ ಇರುವದು. ಕ್ಯೂಬಿಟ್ಟು ಎರಡರ ಮಿಶ್ರಸ್ಥಿತಿಯಲ್ಲಿ ಇರಬಲ್ಲದು. ಇದರಿಂದ ಯಂತ್ರವು ಸಕಲ ಉತ್ತರಗಳನ್ನೂ ಒಮ್ಮೆಗೇ ಒಪ್ಪಿಸುವದೆಂದು ಪತ್ರಿಕೆಗಳಲ್ಲಿ ಓದಿದ್ದೆ, ಅದು ತಪ್ಪು. ಅಳೆದೊಡನೆ ಕೈಗೆ ಸಿಗುವದು ಒಂದೇ ಉತ್ತರ. ಅಲೆಗೆ ಅಲೆ ಅಡ್ಡಬಂದು ಅಡಗುವಂತೆ ತಪ್ಪು ಉತ್ತರಗಳು ಅಡಗಿ, ಒಳ್ಳೆಯ ಉತ್ತರವು ಮೇಲೇಳುವಂತೆ ಹೂಡುವದರಲ್ಲಿಯೇ ಎಲ್ಲ ಜಾಣತನವಿದೆ. 2016 ರಲ್ಲಿ ಐಬಿಎಂ ಸಂಸ್ಥೆಯು ಐದು ಕ್ಯೂಬಿಟ್ಟುಗಳ ಯಂತ್ರವನ್ನು ಅಂತರಜಾಲದಲ್ಲಿ ಜನರಿಗೆ ತೆರೆದಿಟ್ಟಿತು. ಈ ಮಕ್ಕಳು ಅಂಥ ಯಂತ್ರದ ಅನುಕರಣವನ್ನು ತಮ್ಮ ಸಾಮಾನ್ಯ ಗಣಕದ ಮೇಲೆಯೇ ನಡೆಸಿದರು. ಮೂರು ಊರು, ಮೂರು ಪಾಳಿ. ಹೀಗೆ 9 ಕ್ಯೂಬಿಟ್ಟುಗಳು, 512 ಸ್ಥಿತಿಗಳು. ಅವುಗಳಲ್ಲಿ ನಿಜವಾದ ಸರದಿಗಳು 6 ಮಾತ್ರ! ಉಳಿದವುಗಳಲ್ಲಿ ಗಾಡಿಯು ಒಂದೇ ಹೊತ್ತಿಗೆ ಹುನಗುಂದದಲ್ಲಿಯೂ ಇಳಕಲ್ಲಿನಲ್ಲಿಯೂ ಇರುವದು, ಇಲ್ಲವೆ ಬಾದಾಮಿಯನ್ನು ಮರೆತೇಬಿಡುವದು.

ನಡುರಾತ್ರಿ ಅವಳ ಫೋನು ಬಂತು. ಉತ್ತರ ಸಿಕ್ಕಿದೆ, ಆದರೆ ಹತ್ತು ಸಲ ಕೇಳಿದರೆ ನಾಲ್ಕು ಸಲ ಗಾಡಿ ದಾರಿತಪ್ಪುತ್ತದೆ.

“ಅಜ್ಜಾ, ನೀ ಬರದ ಲಕೋಟೀನ ಪರೀಕ್ಷಕರಿಗೆ ತೋರಸ್ಬೇಕಂತೀನಿ. ತೋರಿಸಿದ್ರ ಬಹುಮಾನ ಹೋತು ಅಂತಾರ ಇವ್ರು. ಏನ್ ಮಾಡ್ಲಿ?”

ಇಲ್ಲಿ ನನ್ನ ಸಣ್ಣತನವನ್ನು ಬರೆಯಲೇಬೇಕು. ಮೂವತ್ತು ವರ್ಷ, ತಾಳೆ ನೋಡದ ಉತ್ತರಕ್ಕೆ ಅಂಕ ಕೊಡೆನೆಂದು ಗದರಿಸಿದ ನಾನು, “ಅವರು ಕೇಳದಿದ್ರ ನೀ ಹೇಳಬ್ಯಾಡ” ಎಂದೆ. ಆ ಕಡೆಯಿಂದ ಮಾತಿಲ್ಲ. ಫೋನು ಇಟ್ಟಳು. ನನಗೆ ಬೆಳಗಿನವರೆಗೆ ನಿದ್ದೆ ಹತ್ತಲಿಲ್ಲ.

ಅವಳು ಲಕೋಟೆಯನ್ನೇ ಮೊದಲು ತೋರಿಸಿದಳಂತೆ. “ಹಾಗಾದರೆ ಇಷ್ಟೆಲ್ಲ ಯಾತಕ್ಕೆ?” ಎಂದು ಪರೀಕ್ಷಕರೊಬ್ಬರು ಕೇಳಿದರು. ಊರುಗಳು ಇಪ್ಪತ್ತಾದರೆ ಸರದಿಗಳ ಸಂಖ್ಯೆಗೆ 18 ಅಂಕಿಗಳು ಬೇಕು, ಅಜ್ಜನ ಲಕೋಟೆ ಸಾಲದು ಎಂದು ಹೇಳಿದಳು. ಅಷ್ಟಕ್ಕೇ ನಿಲ್ಲದೆ, ಇಪ್ಪತ್ತು ಊರುಗಳನ್ನೂ ಸಾಮಾನ್ಯ ಗಣಕಗಳು ಬೇರೆ ಉಪಾಯಗಳಿಂದ ಬಿಡಿಸಬಲ್ಲವು, ಕ್ವಾಂಟಮ್ ಯಂತ್ರವು ಈ ಸಮಸ್ಯೆಯಲ್ಲಿ ಅವುಗಳನ್ನು ಮೀರಿಸುವದೆಂದು ಯಾರೂ ಸಿದ್ಧಪಡಿಸಿಲ್ಲವೆಂದೂ ಸೇರಿಸಿದಳು. 1994 ರಲ್ಲಿ ಪೀಟರ್ ಶೋರ್ ಎಂಬವರು ದೊಡ್ಡ ಸಂಖ್ಯೆಗಳನ್ನು ಅಪವರ್ತಿಸಲು ತೋರಿಸಿದಂಥ ರಾಜಮಾರ್ಗವು ಇದಕ್ಕೆ ಇನ್ನೂ ದೊರೆತಿಲ್ಲ.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಇಳಕಲ್ಲಿನ ಹುಡುಗ ಎರಡು ದಿನ ಇವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಮ್ಮ ಮನೆಗೆ ಬಂದು, ಗಾಡಿ ನಾಲ್ಕು ಸಲ ಯಾಕೆ ದಾರಿತಪ್ಪಿತೆಂದು ಅವಳೊಡನೆ ವಾದಕ್ಕೆ ಕೂತ. ನಾನು ಚಹಾ ಕೊಡುವ ನೆವದಿಂದ ಹತ್ತಿರ ಹೋದೆ. ಲಕೋಟೆಯು ಅವಳ ವಹಿಯಲ್ಲಿ ಅಂಟಿಸಲ್ಪಟ್ಟಿತ್ತು. ನನ್ನ ಕೂಡಿಕೆಯಲ್ಲೊಂದು ಕಡೆ ಕೆಂಪು ಗೆರೆಯಿತ್ತು. ದಶಕವನ್ನು ಒಯ್ಯಲು ನಾನು ಮರೆತಿದ್ದೆ.