ಹುಣಸೂರಿನಿಂದ ಅಪ್ಪಾಜಿಗೆ, ಗೋಡೆಗಳ ವಿಚಾರವಾಗಿ

ಹುಣಸೂರು
ಅಕ್ಟೋಬರ್, ಭಾನುವಾರ ರಾತ್ರಿ

ಅಪ್ಪಾಜಿ,

ಅಮ್ಮನ ಮಂಡಿನೋವು ಈಗ ಹೇಗಿದೆ, ಬರೆಯಿರಿ. ದಸರಾ ರಜೆಯಲ್ಲಿ ಊರಿಗೆ ಬರದೆ ಈ ಕಡೆ ಬಂದಿದ್ದಕ್ಕೆ ಅವಳಿಗೆ ಬೇಸರವಾಗಿದೆ ಅಂತ ಗೊತ್ತು. ಕಾರಣ ನಿಮಗಾದರೂ ಒಪ್ಪಿಗೆಯಾಗಬಹುದು. ಎಂಟನೇ ತರಗತಿಯ ಮಕ್ಕಳಿಗೆ ಮೆಸೊಪೊಟೇಮಿಯದ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: ಮೇಡಂ, ಆ ಜಿಗ್ಗುರಾಟ್ ಕಟ್ಟಿದವರು ತಾವೆಲ್ಲಿ ಮಲಗುತ್ತಿದ್ದರು? ಒಳ್ಳೆಯ ಪ್ರಶ್ನೆ. ಅದೇ ಪ್ರಶ್ನೆ ಹಿಡಿದು ಹುಣಸೂರು ಕಡೆಯ ನಾಲ್ಕು ತಾಲ್ಲೂಕು ಸುತ್ತುತ್ತಿದ್ದೇನೆ. ಇಲ್ಲಿ ಬೆಟ್ಟದ ಮೇಲೆ ಗುಡಿಯಿದೆ, ಹಾಳು ಕೋಟೆಯಿದೆ, ತೊಟ್ಟಿಮನೆಯಿದೆ, ಕಾಡಂಚಿನಲ್ಲಿ ಹಾಡಿಯಿದೆ. ಎಲ್ಲವೂ ಒಂದೊಂದು ಬಸ್ ದೂರದಲ್ಲಿ.

ಮೊದಲು ಹೋಗಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ. ಒಂಟಿ ಬೆಟ್ಟ, ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನ. ಮೆಟ್ಟಿಲು ಮೂರು ಸಾವಿರಕ್ಕೂ ಮೇಲೆ ಎನ್ನುತ್ತಾರೆ. ಮಳೆ ನಿಂತು ಕಲ್ಲೆಲ್ಲ ಜಾರುತ್ತಿತ್ತು, ಕೂತು ಕೂತು ಹತ್ತಿದೆ. ಮೇಲೆ ನಿಂತರೆ ಗದ್ದೆ, ಹೊಲ, ಹೆಂಚಿನ ಮಾಡು, ಆಚೆಗೆ ಕೊಡಗಿನ ಸಾಲು. ದೇವರು ಎತ್ತರದಲ್ಲಿರಬೇಕು ಎಂಬ ಆಸೆ ಎಲ್ಲ ಕಡೆಯ ಜನಕ್ಕೂ ಇರಬೇಕು. ಈ ಸೀಮೆಯವರಿಗೆ ಬೆಟ್ಟ ಇತ್ತು. ಮೆಸೊಪೊಟೇಮಿಯದಲ್ಲಿ ಸುಮೇರಿಯದವರದು ಕಣ್ಣು ಹಾಯುವಷ್ಟೂ ಬಯಲು, ಕಲ್ಲಿಗೂ ಬರ. ಹಾಗಾಗಿ ಅವರು ಬೆಟ್ಟವನ್ನೇ ಕಟ್ಟಿದರು, ಅದೂ ಮಣ್ಣಿನಲ್ಲಿ. ಅದೇ ಜಿಗ್ಗುರಾಟ್.

ಊರ್ ಪಟ್ಟಣದ ಜಿಗ್ಗುರಾಟ್‌ನ ವಿವರ ನಿಮಗೆಂದೇ ಬರೆಯುತ್ತೇನೆ. ಕ್ರಿ.ಪೂ. 2100ರ ಸುಮಾರಿಗೆ ಊರ್-ನಮ್ಮು ಎಂಬ ದೊರೆ 'ನನ್ನಾ' ಎಂಬ ಚಂದ್ರದೇವತೆಗಾಗಿ ಕಟ್ಟಿಸಿದ್ದು. ಬುಡ ಹತ್ತಿರ ಹತ್ತಿರ 210 ಅಡಿ ಉದ್ದ, 150 ಅಡಿ ಅಗಲ. ಒಳಗೆಲ್ಲ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಹೊರಗೆ ಎಂಟಡಿ ದಪ್ಪಕ್ಕೆ ಸುಟ್ಟ ಇಟ್ಟಿಗೆಯ ಕವಚ. ಗಾರೆಯ ಬದಲು ನೆಲದಲ್ಲಿ ತಾನಾಗಿ ಒಸರುವ ಡಾಂಬರು. ಅಷ್ಟು ದೊಡ್ಡ ಮಣ್ಣಿನ ರಾಶಿಯ ತೇವ ಹೊರಬರಲೆಂದು ಕವಚದ ತುಂಬ ಸಾಲಾಗಿ ಕಂಡಿ ಬಿಟ್ಟಿದ್ದಾರೆ. ನೀವು ರಿಟೇನಿಂಗ್ ವಾಲ್ ಕಟ್ಟುವಾಗ ನಡುನಡುವೆ ಪೈಪು ಇಡುತ್ತೀರಲ್ಲ, ಅದೇ ಉಪಾಯ, ನಾಲ್ಕು ಸಾವಿರ ವರ್ಷದ ಹಿಂದೆ! ಅಲ್ಲಿ ಸಿಕ್ಕ ಕೆಲವು ಇಟ್ಟಿಗೆಗಳಲ್ಲಿ ನಾಯಿಯ ಹೆಜ್ಜೆ ಮೂಡಿದೆ. ಹಸಿಯಿದ್ದಾಗ ತುಳಿದುಕೊಂಡು ಹೋಗಿದೆ. ಚಿತ್ರ ನೋಡಿದಾಗ ನಮ್ಮ ಇಟ್ಟಿಗೆ ಗೂಡಿನ ಹತ್ತಿರ ಕೋಲು ಹಿಡಿದು ನಾಯಿ ಓಡಿಸುತ್ತಿದ್ದ ಕೆಲಸ ನೆನಪಾಯಿತು.

ಪಿರಿಯಾಪಟ್ಟಣದಲ್ಲಿ ಚೆಂಗಾಳ್ವರ ಕೋಟೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1644ರಲ್ಲಿ ಗೆದ್ದುಕೊಂಡದ್ದು. ಈಗ ಗೋಡೆಯ ತುಣುಕು ಮತ್ತು ಹಳ್ಳ ಬಿದ್ದ ಕಂದಕ, ಗಿಡಗಂಟಿ. ಬಹಳ ಹೊತ್ತು ನಿಲ್ಲಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ದಾರಿಯುದ್ದಕ್ಕೂ ಕಂಡ ಬ್ಯಾರನ್‌ಗಳು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಹೊಗೆಸೊಪ್ಪೇ ಹಣದ ಬೆಳೆ. ಅದನ್ನು ಹದ ಮಾಡಲು ಹೊಲದಂಚಿನಲ್ಲಿ ಕಟ್ಟಿದ ಚೌಕದ ಕಟ್ಟಡವೇ ಬ್ಯಾರನ್. ಎರಡಂತಸ್ತಿನ ಎತ್ತರ, ಕಿಟಕಿಯಿಲ್ಲ. ಒಳಗೆ ಅಂತರ ಅಂತರಕ್ಕೆ ಗಳ, ಗಳದ ಮೇಲೆ ಎಲೆ ಪೋಣಿಸಿದ ಕಡ್ಡಿ, ನೆಲದಲ್ಲಿ ತಗಡಿನ ಕೊಳವೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಕೊಳವೆ ಕಾದು ಎಲೆ ಮೆಲ್ಲಗೆ ಹಳದಿಗೆ ತಿರುಗುತ್ತದೆ. ಹಗಲು ರಾತ್ರಿ ಒಬ್ಬರು ಉರಿ ಕಾಯಬೇಕು. ಕಾಯುವವರ ಮನೆ ಬ್ಯಾರನ್‌ನ ಅರ್ಧ ಎತ್ತರವೂ ಇರಲಿಲ್ಲ. ಊರಿನ ಅತಿ ಎತ್ತರದ ಗೋಡೆ ಯಾರಿಗಾಗಿ ಏಳುತ್ತದೆ ಎಂಬುದನ್ನು ನೋಡಿದರೆ ಊರಿನ ಬದುಕು ಯಾವುದರ ಮೇಲೆ ನಿಂತಿದೆ ಎಂದು ತಿಳಿಯುತ್ತದೆ. ಆ ದೃಷ್ಟಿಯಿಂದ ಬ್ಯಾರನ್ ಕೂಡ ಈ ಸೀಮೆಯ ಸ್ಮಾರಕವೇ.

ಅಲ್ಲಿಂದ ಬೈಲಕುಪ್ಪೆ ಹತ್ತಿರ. ಟಿಬೆಟ್ಟಿನವರು 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆಯಾದ ಜಾಗ. ಇಂದು ಚಿನ್ನದ ಬಣ್ಣದ ಬುದ್ಧನ ಮುಂದೆ ಜನವೋ ಜನ. 1963ರಲ್ಲಿ ಆ ಬುದ್ಧನಿರುವ ಮಠ ಶುರುವಾದದ್ದು ಬಿದಿರಿನ ಪುಟ್ಟ ಗುಡಿಯಾಗಿ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಇನ್ನು ನಾನು ಬರೆಯಲೇಬೇಕಾದ ಮನೆ. ನನ್ನ ಗೆಳತಿಯ ಅತ್ತೆಯ ಮನೆ, ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೀದಿಯಿಂದ ನೋಡಿದರೆ ಜಗಲಿ, ಒಂದು ಬಾಗಿಲು, ಅಷ್ಟೆ. ತಲೆಬಾಗಿಲು ದಾಟಿ ನಡುಮನೆಗೆ ಬಂದರೆ ತೊಟ್ಟಿ. ನಾಲ್ಕು ಕಡೆಯ ಮಾಡೂ ಒಳಕ್ಕೆ ಇಳಿದು ಮಳೆನೀರನ್ನೆಲ್ಲ ಅಲ್ಲಿಗೇ ಸುರಿಯುತ್ತದೆ. ನಾನಿದ್ದಾಗಲೇ ಜೋರು ಮಳೆ ಬಂತು. ನಾಲ್ಕೂ ಅಂಚಿನಿಂದ ನೀರು ಪರದೆ ಕಟ್ಟಿದ ಹಾಗೆ ಬಿದ್ದು, ಮೂಲೆಯ ಕಲ್ಲಿನ ಕಂಡಿಯಲ್ಲಿ ಗುಳುಗುಳು ಎಂದು ಹೊರಟುಹೋಯಿತು. ಪಡಸಾಲೆಗೆ ಒಂದು ಹನಿ ಬರಲಿಲ್ಲ. ಟೇಪು ಹಿಡಿದು ಗೋಡೆ ಅಳೆದೆ: ಎರಡಡಿಗೆ ಸ್ವಲ್ಪ ಕಡಿಮೆ. ಮಣ್ಣಿನ ಗೋಡೆ, ಆದರೆ ಮೊಣಕಾಲೆತ್ತರದವರೆಗೆ ಕಲ್ಲು. ಕಂಬದ ಬುಡಕ್ಕೂ ಕಲ್ಲು. ಅಡುಗೆಮನೆ ಪಕ್ಕದ ನೆಲದಲ್ಲಿ ಹಳೆಯ ಹಗೇವು ಇತ್ತಂತೆ, ರಾಗಿ ತುಂಬಿಡುತ್ತಿದ್ದದ್ದು. ಈಗ ಮುಚ್ಚಿದ್ದಾರೆ. ಕಾಲಲ್ಲಿ ತಟ್ಟಿದರೆ ಅಲ್ಲೊಂದು ಕಡೆ ಸದ್ದು ಬೇರೆ.

ಇಂಥ ಮನೆಗಳು ಊರ್‌ನಲ್ಲೂ ಇದ್ದವು. ಅಲ್ಲಿ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆದ. ಅರಸರ ಗೋರಿಯ ಚಿನ್ನದಿಂದ ಅವನಿಗೆ ಹೆಸರು ಬಂತು. ನನಗೆ ಅವನ ಮೇಲೆ ಗೌರವ ಇರುವುದು ಬೇರೊಂದಕ್ಕೆ. ಸಾಮಾನ್ಯರ ಬೀದಿಗಳನ್ನೂ ಅವನು ಬಿಡದೆ ಅಗೆದು, ಮನೆ ಮನೆಯ ನಕ್ಷೆ ಬರೆದಿಟ್ಟ. ಕ್ರಿ.ಪೂ. 1800ರ ಆಚೀಚಿನ ಆ ಮನೆಗಳ ನಕ್ಷೆ ನೋಡಿ: ಬೀದಿಗೆ ಒಂದೇ ಬಾಗಿಲು, ಒಳಗೆ ಇಟ್ಟಿಗೆ ಹಾಸಿದ ಅಂಗಳ, ಸುತ್ತ ಕೋಣೆ, ನೀರು ಹೋಗಲು ಅಂಗಳದಲ್ಲಿ ಕಂಡಿ. ಗೋಡೆಯ ಕೆಳಗಿನ ವರಸೆ ಸುಟ್ಟ ಇಟ್ಟಿಗೆ, ಮೇಲೆ ಹಸಿ ಇಟ್ಟಿಗೆ. ಹುಣಸೂರಿನ ಮನೆಯ ಕಲ್ಲಿನ ಬುಡಕ್ಕೂ ಅದಕ್ಕೂ ಕಾರಣ ಒಂದೇ, ನೆಲದ ತೇವ. ಎಷ್ಟೋ ಮನೆಗಳಲ್ಲಿ ನೆಲದಡಿ ಕಮಾನು ಕಟ್ಟಿ ಮನೆಯ ಹಿರಿಯರನ್ನು ಹೂಳುತ್ತಿದ್ದರು. ಬೀದಿಗೆ ಕಸ ಬಿದ್ದು ಬಿದ್ದು ದಾರಿಯೇ ಎತ್ತರವಾಗಿ, ಹೊಸಿಲು ಏರಿಸಿ ಒಳಗೆ ಮೆಟ್ಟಿಲಿಳಿದು ಹೋಗುವಂತಾದ ಮನೆಗಳೂ ಇದ್ದವು. ಮಾಡು ಮಾತ್ರ ಬೇರೆ. ಅಲ್ಲಿ ಮಳೆ ಕಡಿಮೆ, ತೊಲೆ ಹಾಸಿ ಮಣ್ಣು ಹಾಕಿದ ಮಟ್ಟಸ ಮಾಳಿಗೆ. ಮಾಡಿನ ಮಟ್ಟಿಗೆ ಆ ಮನೆಗಳು ಹುಣಸೂರಿಗಿಂತ ನಮ್ಮ ಚಳ್ಳಕೆರೆ ಸೀಮೆಗೇ ಹತ್ತಿರ.

ಗಾರೆ ಕೆಲಸದವರ ಕೂಲಿಯ ಲೆಕ್ಕವೂ ಸಿಗುತ್ತದೆ. ಬ್ಯಾಬಿಲೋನಿನ ಹಮ್ಮುರಬಿಯ ಕಟ್ಟಳೆಯಲ್ಲಿ, ಈಗಿನ ಸುಮಾರು ನಾಲ್ಕು ಚದರದಷ್ಟು ಮನೆ ಕಟ್ಟಿದವನಿಗೆ ಎರಡು ಶೆಕೆಲ್, ಅಂದರೆ ಹದಿನಾರು ಗ್ರಾಂ ಚಿಲ್ಲರೆ ಬೆಳ್ಳಿ. ಗೋಡೆ ವಾಲಿದರೆ ಕಟ್ಟಿದವನೇ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಕ್ರೂರ ಕಾನೂನು, ನಿಜ. ಆದರೂ ಮನೆಯ ಗೋಡೆ ಬೀಳಬಾರದು ಎಂದು ಅರಸನೊಬ್ಬ ಕಲ್ಲಿನಲ್ಲಿ ಕೊರೆಸಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕೆ.ಆರ್. ನಗರದ ಹಳೆಯ ಎಡತೊರೆಯಲ್ಲಿ ಕಾವೇರಿ ದಂಡೆಯ ಅರ್ಕೇಶ್ವರನ ಗುಡಿಗೆ ಹೋಗಿ ಕೈಮುಗಿದೆ. ಹೊಳೆ ಉಕ್ಕಿ ಊರಿಗೆ ನುಗ್ಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೂರಕ್ಕೆ ಹೊಸ ಪಟ್ಟಣ ಕಟ್ಟಿ ಅವರದೇ ಹೆಸರಿಟ್ಟರು. ದೇವರು ಇದ್ದಲ್ಲೇ ಉಳಿದ, ಜನ ಎದ್ದು ಹೋದರು. ಊರ್‌ನಲ್ಲಿ ನಡೆದದ್ದು ತಿರುಗುಮುರುಗು: ಯೂಫ್ರೆಟಿಸ್ ನದಿಯೇ ಪಾತ್ರ ಬದಲಿಸಿ ದೂರ ಸರಿಯಿತು, ನೀರಿಲ್ಲದೆ ಊರು ಹಾಳಾಯಿತು.

ನೀರಿನ ಮಾತು ಬಂದಾಗ ಹೆಗ್ಗಡದೇವನಕೋಟೆಯ ಕಿತ್ತೂರನ್ನು ಹೇಳದಿರಲಾರೆ. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಅದೇ ಎನ್ನುತ್ತಾರೆ. ಕ್ರಿ.ಶ. ಎರಡನೇ ಶತಮಾನದ ಭೂಗೋಳಕಾರ ಟಾಲೆಮಿ ಪುನ್ನಾಟವನ್ನು ಬೆರಿಲ್ ಹರಳಿನ ನಾಡೆಂದು ಬರೆದಿದ್ದಾನೆ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಆ ಊರೂ ಇನ್ನೆಷ್ಟೋ ಹಳ್ಳಿಗಳೂ ಹಿನ್ನೀರಿನಡಿ ಸೇರಿದವು. ದಡದಲ್ಲಿ ನಿಂತರೆ ಕಾಣುವುದು ನೀರು ಮಾತ್ರ.

ಕೊನೆಗೆ ಕಾಡಂಚಿನ ಜೇನುಕುರುಬರ ಹಾಡಿ. ಅಲ್ಲಿ ಒಬ್ಬ ಅಜ್ಜಿಯ ಗುಡಿಸಲು: ಸೀಳಿದ ಬಿದಿರು ಹೆಣೆದ ತಡಿಕೆ, ಎರಡೂ ಕಡೆ ಮೆತ್ತಿದ ಮಣ್ಣು, ಮೇಲೆ ಹುಲ್ಲು. ಪಕ್ಕದಲ್ಲೇ ಶೀಟಿನ ಮನೆ. ಬಿಸಿಲು ಬಿದ್ದ ಹೊತ್ತಿನಲ್ಲಿ ಎರಡಕ್ಕೂ ಹೊಕ್ಕೆ. ಶೀಟಿನಡಿ ಕೂರಲಾಗಲಿಲ್ಲ, ಅಜ್ಜಿಯ ಗುಡಿಸಲಲ್ಲಿ ಏಳಲು ಮನಸ್ಸಾಗಲಿಲ್ಲ. "ಬಿದಿರು ತರೋಕೆ ಕಾಡಿಗೆ ಬಿಡಲ್ಲ, ಇದು ಬಿದ್ದರೆ ಮತ್ತೆ ಕಟ್ಟೋದು ಹೆಂಗೆ?" ಎಂದು ಅಜ್ಜಿ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಸುಮೇರಿಯ ಇದ್ದ ಇರಾಕಿನ ದಕ್ಷಿಣದ ಜೌಗಿನಲ್ಲಿ ಇಂದಿಗೂ ಜೊಂಡು ಕಟ್ಟಿ, ಬಾಗಿಸಿ ಮನೆ ಮಾಡುತ್ತಾರೆ. ಉರುಕ್ ಪಟ್ಟಣದ ಐದು ಸಾವಿರ ವರ್ಷ ಹಳೆಯ ಕಲ್ಲಿನ ತೊಟ್ಟಿಯೊಂದರ ಮೇಲೆ ಜೊಂಡಿನ ಮನೆಯೇ ಕೊರೆದಿದೆ. ಅಲ್ಲಿ ಜೊಂಡಿನ ಮನೆಯನ್ನು ಕಲ್ಲಿಗೆ ಇಳಿಸುವ ಕೈಯೊಂದಿತ್ತು. ಈ ಬಿದಿರಿನ ಮನೆಯ ಅಳತೆಯನ್ನು ನನ್ನ ನೋಟ್‌ಬುಕ್ಕಿನಲ್ಲಾದರೂ ಬರೆದುಕೊಂಡೆ, ಅಜ್ಜಿಯ ಅಪ್ಪಣೆ ಕೇಳಿಯೇ.

ಅಪ್ಪಾಜಿ, ಈಗ ನಮ್ಮ ವಿಷಯ. ನನ್ನ ತಮ್ಮ ಫೋನಿನಲ್ಲಿ ಹೇಳಿದ, ದೀಪಾವಳಿ ಕಳೆದ ಮೇಲೆ ಹಿಂದಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕುವ ಯೋಚನೆಯಿದೆ ಎಂದು. ಕಟ್ಟಬೇಡಿ ಎನ್ನುವುದಿಲ್ಲ, ಸೋರುವ ಮನೆಯಲ್ಲಿ ಅಮ್ಮ ಎಷ್ಟು ದಿನ ಪಾತ್ರೆ ಇಡಬೇಕು. ನಾನು ಬರುವವರೆಗೆ ಮಾತ್ರ ಜೆಸಿಬಿ ಕರೆಸಬೇಡಿ. ಗವಾಕ್ಷಿ, ತೊಲೆ, ಗೋಡೆಯ ದಪ್ಪ ಎಲ್ಲವನ್ನೂ ಅಳೆದು ನಕ್ಷೆ ಮಾಡಬೇಕು, ನೀವು ಪಕ್ಕದಲ್ಲಿ ನಿಂತು ಹೇಳಬೇಕು. ತಾತ ಮಾಳಿಗೆಗೆ ಚೌಳು ಮಣ್ಣು ಎಲ್ಲಿಂದ ತರುತ್ತಿದ್ದರು, ಅದರ ಕೆಳಗೆ ಯಾವ ಸೊಪ್ಪು ಹಾಸುತ್ತಿದ್ದರು ಎಂಬುದನ್ನು ಅಷ್ಟರಲ್ಲಿ ದೊಡ್ಡಪ್ಪನ ಹತ್ತಿರವೂ ಕೇಳಿಡಿ. ದೀಪಾವಳಿಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಟೇಪು ನಾನೇ ತರುತ್ತೇನೆ, ನಿಮ್ಮ ತೂಕದ ಗುಂಡು ಹುಡುಕಿಡಿ.

ಅಮ್ಮನಿಗೆ, ದೊಡ್ಡಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು